ಹೇಳಿಕೊಳ್ಳದ ಬಾಧೆ: ಪುರುಷರ ಪ್ರಾಸ್ಟೇಟ್ ತೊಂದರೆಗಳನ್ನು ಗುರುತಿಸುವ ಬಗೆ



ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯೊಂದರ ಹಿರಿಯ ಭಕ್ತರೊಬ್ಬರ ಸಂಗತಿಯಿಂದ ಈ ತಿಂಗಳ ಲೇಖನವನ್ನು ಆರಂಭಿಸುತ್ತೇವೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ; ಹೆಸರನ್ನು ಮಾತ್ರ ಬಿಟ್ಟಿದ್ದೇವೆ. ವಯಸ್ಸು 68. ಅವರದು ರೇಷ್ಮೆ ಬೆಳೆಯುವ ಮನೆ. ಎರಡು ವರ್ಷಗಳಿಂದ ಅವರು ರಾತ್ರಿ ನಾಲ್ಕೈದು ಸಲ ಎದ್ದು ಮೂತ್ರವಿಸರ್ಜನೆಗೆ ಹೋಗುತ್ತಿದ್ದರು. ಮನೆಯವರು ಕೇಳಿದರೆ ‘ಹುಳುವಿಗೆ ಸೊಪ್ಪು ಹಾಕಲು ಎದ್ದಿದ್ದೆ’ ಎನ್ನುತ್ತಿದ್ದರು. ಹುಳು ಸಾಕುವ ಮನೆಯಲ್ಲಿ ರಾತ್ರಿ ಏಳುವುದು ಹೊಸತಲ್ಲವಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಕ್ರಮೇಣ ಅವರು ಮಠದ ಶಿವಾನುಭವ ಗೋಷ್ಠಿಗೆ ಬರುವುದನ್ನು ಬಿಟ್ಟರು. ಒಂದು ಗಂಟೆ ಒಂದೆಡೆ ಕುಳಿತಿರಲು ಅವರಿಂದ ಆಗುತ್ತಿರಲಿಲ್ಲ. ಪಂಚೆಯ ಮೇಲೆ ಹನಿ ಬಿದ್ದಿರುವುದೆಂಬ ಅಳುಕಿನಿಂದ ಇಷ್ಟಲಿಂಗ ಪೂಜೆಯನ್ನೂ ಎಷ್ಟೋ ದಿನ ಕೈಬಿಟ್ಟರು. ಮನೆಯವರು ಇದನ್ನು ಮಂಡಿನೋವೆಂದೂ, ವಯಸ್ಸಾದವರ ಬೇಸರವೆಂದೂ ತಿಳಿದರು.

ಒಂದು ದಿನ ನೆಗಡಿಯೆಂದು ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿದರು. ಅಂದು ರಾತ್ರಿ ಮೂತ್ರ ಪೂರ್ಣವಾಗಿ ಕಟ್ಟಿಕೊಂಡಿತು. ‘ಉಷ್ಣವಾಗಿದೆ’ ಎಂದು ಮನೆಯವರು ಎಳನೀರು ಕುಡಿಸಿದರು, ಬಾರ್ಲಿ ನೀರು ಕುಡಿಸಿದರು. ಕುಡಿದಷ್ಟೂ ಹೊಟ್ಟೆಯ ಕೆಳಭಾಗ ಉಬ್ಬಿ ಯಾತನೆ ಹೆಚ್ಚಿತು. ಬೆಳಗಾದ ಮೇಲೆ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ನಳಿಕೆ ಹಾಕಿ ಒಂದು ಲೀಟರಿಗೂ ಹೆಚ್ಚು ಮೂತ್ರವನ್ನು ಹೊರತೆಗೆದರು. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡಗಳ ಶಕ್ತಿಯೂ ಕುಂದಿರುವುದು ತಿಳಿದುಬಂತು. ಈಗ ಅವರು ಚೇತರಿಸಿಕೊಂಡಿದ್ದಾರೆ. ಆದರೆ ಎರಡು ವರ್ಷಗಳ ಹಿಂದೆಯೇ ಒಂದು ಮಾತು ಹೇಳಿದ್ದರೆ ಆ ರಾತ್ರಿಯ ಯಾತನೆಯೂ ಮೂತ್ರಪಿಂಡಗಳಿಗಾದ ಹಾನಿಯೂ ಬಹುಶಃ ತಪ್ಪುತ್ತಿದ್ದವು.

ನಮ್ಮ ಭಾಗದಲ್ಲಿ ಇದು ಒಬ್ಬರ ಕಥೆಯಲ್ಲ. ಆದ್ದರಿಂದ ಪುರುಷರ ಪ್ರಾಸ್ಟೇಟ್ ಗ್ರಂಥಿಯ ತೊಂದರೆಗಳಾವುವು, ಅವನ್ನು ಗುರುತಿಸುವುದು ಹೇಗೆ, ಯಾವಾಗ ವೈದ್ಯರ ಬಳಿಗೆ ಹೋಗಬೇಕು, ಯಾವಾಗ ಬೆಳಗಾಗುವವರೆಗೂ ಕಾಯಬಾರದು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಏನಿದು ಪ್ರಾಸ್ಟೇಟ್ ಗ್ರಂಥಿ?

ಇದು ಪುರುಷರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಚೀಲದ ಕೆಳಗೆ, ಗುದನಾಳದ ಮುಂಭಾಗದಲ್ಲಿ ಇದರ ಸ್ಥಾನ. ಯೌವನದಲ್ಲಿ ಇದು ಒಂದು ಬೆಟ್ಟದ ನೆಲ್ಲಿಕಾಯಿಯಷ್ಟಿದ್ದು, ಸುಮಾರು 20 ಗ್ರಾಂ ತೂಗುತ್ತದೆ. ವೀರ್ಯದಲ್ಲಿರುವ ದ್ರವದ ಒಂದು ಭಾಗವನ್ನು ಸ್ರವಿಸುವುದು ಇದರ ಕೆಲಸ. ಮೂತ್ರಚೀಲದಿಂದ ಹೊರಡುವ ಮೂತ್ರನಾಳವು ಈ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ. ಈ ರಚನೆಯೇ ಮುಂದಿನ ತೊಂದರೆಗಳಿಗೆಲ್ಲ ಮೂಲ. ಗ್ರಂಥಿಯು ಬೆಳೆದರೆ ನಡುವಿನ ನಾಳವು ಬಿಗಿಯಾಗುತ್ತದೆ.

ತೋಟಕ್ಕೆ ನೀರು ಹಾಯಿಸುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪೈಪನ್ನು ನಡುವೆ ಹಿಸುಕಿ ಹಿಡಿದರೆ ನೀರಿನ ಧಾರೆ ಸಣ್ಣದಾಗುತ್ತದೆ, ಮೋಟಾರಿನ ಮೇಲೆ ಭಾರ ಬೀಳುತ್ತದೆ. ಇಲ್ಲಿ ಮೋಟಾರೆಂದರೆ ಮೂತ್ರಚೀಲದ ಸ್ನಾಯು. ಅದು ಮೊದಮೊದಲು ಹೆಚ್ಚು ಬಲ ಹಾಕಿ ಮೂತ್ರವನ್ನು ತಳ್ಳುತ್ತದೆ. ಅದರಿಂದ ಚೀಲದ ಗೋಡೆ ದಪ್ಪವಾಗಿ, ಸ್ವಲ್ಪ ತುಂಬಿದರೂ ತಡೆಯಲಾರದಂತಾಗುತ್ತದೆ. ಪದೇ ಪದೇ ಹೋಗಬೇಕೆನಿಸುತ್ತದೆ. ವರ್ಷಗಳು ಕಳೆದಂತೆ ಸ್ನಾಯು ಸೋಲುತ್ತದೆ. ಆಗ ಪ್ರತಿ ಸಲವೂ ಒಂದಷ್ಟು ಮೂತ್ರ ಒಳಗೇ ಉಳಿಯುತ್ತದೆ. ಹೀಗೆ ನಿಂತ ಮೂತ್ರದಲ್ಲಿ ಸೋಂಕು ತಗಲುತ್ತದೆ, ಕಲ್ಲು ಬೆಳೆಯುತ್ತದೆ. ಒತ್ತಡವು ಹಿಂದಕ್ಕೆ ಸರಿದು ಮೂತ್ರಪಿಂಡಗಳನ್ನೂ ಕೆಡಿಸುತ್ತದೆ.

ಈ ಬಾಧೆಯು ಹೊಸ ಕಾಲದ್ದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರವು ತಡೆಯಲ್ಪಡುವ ರೋಗಗಳನ್ನು ‘ಮೂತ್ರಾಘಾತ’ವೆಂದು ಕರೆದು ಹನ್ನೆರಡು ಬಗೆಗಳನ್ನು ಹೇಳಲಾಗಿದೆ. ಅವುಗಳಲ್ಲಿ ‘ವಾತಾಷ್ಠೀಲ’ವೆಂಬುದರ ಲಕ್ಷಣಗಳು ಪ್ರಾಸ್ಟೇಟ್ ಊತವನ್ನು ಹೋಲುತ್ತವೆಂದು ಆಯುರ್ವೇದ ವಿದ್ವಾಂಸರು ಹೇಳುತ್ತಾರೆ.

ಮೂರು ಬಗೆಯ ತೊಂದರೆಗಳು

ಮೊದಲನೆಯದು, ವಯೋಸಹಜವಾದ ಊತ. ಇದು ಅರ್ಬುದ ರೋಗವಲ್ಲ, ಅರ್ಬುದವಾಗಿ ಮಾರ್ಪಡುವುದೂ ಇಲ್ಲ. 60 ವರ್ಷದ ಆಸುಪಾಸಿನಲ್ಲಿ ಸುಮಾರು ಅರ್ಧದಷ್ಟು ಪುರುಷರಲ್ಲಿ ಇದು ಇರುತ್ತದೆ. 80 ದಾಟಿದವರಲ್ಲಿ ಬಹುಪಾಲು ಎಲ್ಲರಲ್ಲಿಯೂ ಕಾಣುತ್ತದೆ. ಇದ್ದವರಿಗೆಲ್ಲ ತೊಂದರೆಯಾಗಲೇಬೇಕೆಂದಿಲ್ಲ. ಗ್ರಂಥಿ ಬಹಳ ದೊಡ್ಡದಾಗಿದ್ದರೂ ಸುಖವಾಗಿರುವವರುಂಟು. ಸ್ವಲ್ಪವೇ ಬೆಳೆದು ನಾಳವನ್ನು ಬಿಗಿಯಾಗಿ ಒತ್ತಿ ಕಾಡುವುದೂ ಉಂಟು.

ಎರಡನೆಯದು, ಗ್ರಂಥಿಯ ಉರಿಯೂತ. ಇದು ಯುವಕರಿಗೂ ಮಧ್ಯವಯಸ್ಕರಿಗೂ ಬರಬಹುದು. ಸೋಂಕಿನಿಂದ ಬಂದಾಗ ಚಳಿಜ್ವರ, ಮೂತ್ರದಲ್ಲಿ ಉರಿ, ಕೆಳಹೊಟ್ಟೆಯಲ್ಲಿ ಮತ್ತು ತೊಡೆಗಳ ಸಂದಿಯಲ್ಲಿ ನೋವು ಕಾಣಿಸುತ್ತವೆ. ವೈದ್ಯರು ಹೇಳಿದಷ್ಟು ದಿನ ಔಷಧಿಯನ್ನು ತೆಗೆದುಕೊಳ್ಳಬೇಕು. ನಾಲ್ಕು ದಿನಕ್ಕೆ ಜ್ವರ ಇಳಿಯಿತೆಂದು ನಿಲ್ಲಿಸಿದರೆ ರೋಗ ಬೇರೂರುತ್ತದೆ.

ಮೂರನೆಯದು, ಪ್ರಾಸ್ಟೇಟ್ ಅರ್ಬುದ, ಅಂದರೆ ಕ್ಯಾನ್ಸರ್. ಇದು ಸಾಮಾನ್ಯವಾಗಿ 50 ವರ್ಷ ದಾಟಿದ ಮೇಲೆ ಬರುತ್ತದೆ. ಬೆಂಗಳೂರಿನಲ್ಲಿ 1980ರ ದಶಕದ ಆರಂಭದಿಂದ ಅರ್ಬುದ ರೋಗಿಗಳ ನೋಂದಣಿ ನಡೆದುಬಂದಿದೆ. ಅಲ್ಲಿನ ಪುರುಷರಲ್ಲಿ ಹೆಚ್ಚಾಗಿ ಕಂಡುಬರುವ ಅರ್ಬುದಗಳ ಸಾಲಿನಲ್ಲಿ ಪ್ರಾಸ್ಟೇಟ್ ಅರ್ಬುದವೂ ಇದೆ. ಇದರ ಬಗ್ಗೆ ಎಲ್ಲರೂ ನೆನಪಿಡಬೇಕಾದ ಸಂಗತಿಯೊಂದಿದೆ. ಆರಂಭದ ಹಂತದಲ್ಲಿ ಇದು ಬಹುಮಟ್ಟಿಗೆ ಯಾವ ಲಕ್ಷಣವನ್ನೂ ತೋರುವುದಿಲ್ಲ. ಊತವು ಗ್ರಂಥಿಯ ಒಳಭಾಗದಲ್ಲಿ, ಮೂತ್ರನಾಳವನ್ನು ಸುತ್ತಿದ ಕಡೆ ಆರಂಭವಾಗುವುದರಿಂದ ಬೇಗನೆ ತೊಂದರೆ ಕೊಡುತ್ತದೆ. ಅರ್ಬುದವು ಹೆಚ್ಚಾಗಿ ಹೊರಭಾಗದಲ್ಲಿ ಹುಟ್ಟುವುದರಿಂದ ಸದ್ದಿಲ್ಲದೆ ಬೆಳೆಯುತ್ತದೆ. ಅದು ಗ್ರಂಥಿಯನ್ನು ಮೀರಿದಾಗ ಮೊದಲು ಹೋಗಿ ಸೇರುವುದು ಸಾಮಾನ್ಯವಾಗಿ ಮೂಳೆಗಳನ್ನು. ಹಾಗಾಗಿ ಎಷ್ಟೋ ಹಿರಿಯರು ‘ಸೊಂಟ ನೋವು’ ಎಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ನೋವಿನ ಮಾತ್ರೆ ನುಂಗಿ, ಕೊನೆಗೆ ಬಂದಾಗ ರೋಗ ಮೂಳೆಯವರೆಗೆ ಹರಡಿರುತ್ತದೆ.

ಏಳು ಪ್ರಶ್ನೆಗಳು

ಮೂತ್ರದ ತೊಂದರೆ ಎಷ್ಟರ ಮಟ್ಟಿಗಿದೆ ಎಂದು ಅಳೆಯಲು ವೈದ್ಯರು ಜಗತ್ತಿನಾದ್ಯಂತ ಏಳು ಪ್ರಶ್ನೆಗಳನ್ನು ಕೇಳುತ್ತಾರೆ. ಮನೆಯಲ್ಲಿ ಕುಳಿತು ತಾವೂ ಇವಕ್ಕೆ ಉತ್ತರಿಸಿಕೊಳ್ಳಬಹುದು. ಕಳೆದ ಒಂದು ತಿಂಗಳ ಅನುಭವವನ್ನು ನೆನೆದು ಉತ್ತರಿಸಿರಿ.

1. ಮೂತ್ರ ಮಾಡಿ ಬಂದ ಮೇಲೂ ಚೀಲ ಪೂರ್ಣ ಖಾಲಿಯಾಗಿಲ್ಲವೆಂದು ಅನ್ನಿಸುತ್ತಿದೆಯೇ?
2. ಒಮ್ಮೆ ಹೋಗಿಬಂದು ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತಿದೆಯೇ?
3. ಧಾರೆಯು ನಿಂತು ನಿಂತು ಮತ್ತೆ ಬರುತ್ತಿದೆಯೇ?
4. ಅವಸರ ಬಂದಾಗ ತಡೆದುಕೊಳ್ಳುವುದು ಕಷ್ಟವಾಗುತ್ತಿದೆಯೇ?
5. ಧಾರೆಯು ಮೊದಲಿಗಿಂತ ಸಣ್ಣದಾಗಿ, ಬಲಹೀನವಾಗಿದೆಯೇ?
6. ಆರಂಭಿಸಲು ಮುಕ್ಕಬೇಕಾಗುತ್ತಿದೆಯೇ?
7. ಮಲಗಿದ ಮೇಲೆ ಬೆಳಗಾಗುವವರೆಗೆ ಎಷ್ಟು ಸಲ ಏಳಬೇಕಾಗುತ್ತಿದೆ?

ಮೊದಲ ಆರು ಪ್ರಶ್ನೆಗಳಿಗೆ ‘ಎಂದೂ ಇಲ್ಲ’ ಎಂದರೆ 0, ‘ಹೆಚ್ಚುಕಡಿಮೆ ಯಾವಾಗಲೂ’ ಎಂದರೆ 5. ನಡುವಣ ಅನುಭವಕ್ಕೆ ನಡುವಣ ಅಂಕ. ಏಳನೆಯದಕ್ಕೆ ಎದ್ದ ಸಲಗಳೇ ಅಂಕ. ಐದಕ್ಕಿಂತ ಹೆಚ್ಚಾದರೂ 5 ಎಂದೇ ಲೆಕ್ಕ. ಒಟ್ಟು 35. ಏಳರವರೆಗೆ ಬಂದರೆ ತೊಂದರೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಅದಕ್ಕೂ ಮೇಲಾದರೆ ತೀವ್ರ. ಎಂಟು ದಾಟಿದವರು ವೈದ್ಯರನ್ನು ಕಾಣಲೇಬೇಕು. ಎಂಟಕ್ಕಿಂತ ಕಡಿಮೆ ಇದ್ದರೂ ಅದು ಮನಸ್ಸನ್ನು ಕಾಡುತ್ತಿದ್ದರೆ, ನಿದ್ರೆ ಕೆಡಿಸುತ್ತಿದ್ದರೆ ಕಾಣುವುದು ಲೇಸು. ಈ ಅಂಕಗಳು ತೊಂದರೆಯ ಪ್ರಮಾಣವನ್ನು ಮಾತ್ರ ಹೇಳುತ್ತವೆ, ಕಾರಣವನ್ನು ಹೇಳುವುದಿಲ್ಲ. ಅರ್ಬುದ ಇದೆಯೋ ಇಲ್ಲವೋ ಎಂಬುದು ಇದರಿಂದ ತಿಳಿಯದು.

ಇನ್ನೊಂದು ಮಾತು. ಪದೇ ಪದೇ ಮೂತ್ರಕ್ಕೆ ಹೋಗುವುದೆಲ್ಲವೂ ಪ್ರಾಸ್ಟೇಟಿನಿಂದಲೇ ಅಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮೂತ್ರದ ಸೋಂಕು, ಕಲ್ಲು, ಪಾರ್ಶ್ವವಾಯುವಿನಂತಹ ನರಗಳ ಕಾಯಿಲೆ, ಸಂಜೆ ಬಹಳ ಕಾಫಿ ಚಹಾ ಕುಡಿಯುವ ಅಭ್ಯಾಸ, ಇವೂ ಕಾರಣವಾಗುತ್ತವೆ. ಧಾರೆ ಚೆನ್ನಾಗಿದ್ದು ಪ್ರತಿ ಸಲವೂ ಹೆಚ್ಚು ಮೂತ್ರ ಹೋಗುತ್ತಿದ್ದರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಬೇಕು.

ಯಾವಾಗ ಕಾಯಬಾರದು?

ಎಲ್ಲ ಲಕ್ಷಣಗಳಿಗೂ ಒಂದೇ ಅವಸರವಿಲ್ಲ. ಆದರೆ ಯಾವುದಕ್ಕೆ ಎಷ್ಟು ಅವಸರವೆಂದು ಮನೆಯ ಎಲ್ಲರೂ ತಿಳಿದಿರಬೇಕು.

ಅದೇ ಗಳಿಗೆಯಲ್ಲಿ ಹೊರಡಬೇಕಾದವು: ಮೂತ್ರ ಪೂರ್ತಿ ಕಟ್ಟಿಕೊಂಡು ಕೆಳಹೊಟ್ಟೆ ಉಬ್ಬಿ ನೋಯುವುದು, ಮೂತ್ರದ ತೊಂದರೆಯ ಜೊತೆಗೆ ಚಳಿ ನಡುಕದ ಜ್ವರ, ಮೂತ್ರದಲ್ಲಿ ರಕ್ತದ ಗರಣೆಗಳು, ಬೆನ್ನುನೋವಿನ ಜೊತೆಗೆ ಕಾಲುಗಳು ಬಲ ಕಳೆದುಕೊಳ್ಳುವುದು ಅಥವಾ ಮರಗಟ್ಟುವುದು. ಕೊನೆಯದು ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರುವುದರ ಸೂಚನೆ. ಗಂಟೆಗಳ ತಡದಿಂದಲೂ ಕಾಲುಗಳ ಶಕ್ತಿ ಶಾಶ್ವತವಾಗಿ ಹೋಗಬಹುದು. ಇವು ಅರ್ಧರಾತ್ರಿಯಲ್ಲಿ ಕಾಣಿಸಿದರೆ ಅರ್ಧರಾತ್ರಿಯಲ್ಲಿಯೇ 108ಕ್ಕೆ ಕರೆ ಮಾಡಿರಿ. ಬೆಳಗಿನ ಮೊದಲ ಬಸ್ಸಿಗೆ ಕಾಯಬೇಡಿರಿ. ಮೂತ್ರ ಕಟ್ಟಿದವರಿಗೆ ನೀರು, ಎಳನೀರು, ಬಾರ್ಲಿ ಕುಡಿಸಬೇಡಿರಿ. ಬಾಗಿಲು ಮುಚ್ಚಿದ ಕೆರೆಗೆ ಇನ್ನಷ್ಟು ನೀರು ಹರಿಸಿದಂತಾಗುತ್ತದೆ.

ಒಂದು ವಾರದೊಳಗೆ ಹೋಗಬೇಕಾದವು: ಒಂದೇ ಒಂದು ಸಲವಾದರೂ ಮೂತ್ರ ಕೆಂಪಾಗಿ ಬಂದಿದ್ದರೆ, ನೋವಿಲ್ಲದಿದ್ದರೂ, ತಾನಾಗಿಯೇ ನಿಂತಿದ್ದರೂ ಹೋಗಬೇಕು. ರಾತ್ರಿ ಅರಿವಿಲ್ಲದೆ ಹಾಸಿಗೆ ಒದ್ದೆಯಾಗುವುದೂ ಈ ಸಾಲಿನದೇ. ‘ಮೂತ್ರ ಹೋಗುತ್ತಲೇ ಇದೆಯಲ್ಲ, ಕಟ್ಟಿಲ್ಲ’ ಎಂದು ಮನೆಯವರು ತಿಳಿಯುತ್ತಾರೆ. ವಾಸ್ತವದಲ್ಲಿ ಚೀಲವು ತುಂಬಿ ತುಳುಕುತ್ತಿರುತ್ತದೆ. ಈ ಬಗೆಯ ಕಟ್ಟುವಿಕೆಯಲ್ಲಿ ನೋವೇ ಇರುವುದಿಲ್ಲ. ಮೂತ್ರಪಿಂಡಗಳು ಮಾತ್ರ ಒಳಗೊಳಗೇ ಸೋಲುತ್ತಿರುತ್ತವೆ. 50 ದಾಟಿದ ಪುರುಷರಲ್ಲಿ ಹೊಸದಾಗಿ ಬಂದು ಮೂರು ನಾಲ್ಕು ವಾರವಾದರೂ ಇಳಿಯದ, ರಾತ್ರಿ ಹೆಚ್ಚುವ ಸೊಂಟದ ಅಥವಾ ಬೆನ್ನಿನ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇವನ್ನೂ ಮುಂದೂಡಬಾರದು.

ಒಂದು ತಿಂಗಳೊಳಗೆ ತೋರಿಸಬೇಕಾದವು: ಸಣ್ಣ ಧಾರೆ, ಮುಕ್ಕುವುದು, ಹನಿ ಹನಿ ತೊಟ್ಟಿಕ್ಕುವುದು, ರಾತ್ರಿ ಎರಡು ಅಥವಾ ಹೆಚ್ಚು ಸಲ ಏಳುವುದು. ಇವು ತುರ್ತಲ್ಲ, ಆದರೆ ಉಪೇಕ್ಷಿಸುವಂತಹವೂ ಅಲ್ಲ.

ವೈದ್ಯರು ಏನು ಮಾಡುತ್ತಾರೆ?

ಅನೇಕರು ಆಸ್ಪತ್ರೆಗೆ ಹೋಗದಿರುವುದಕ್ಕೆ ‘ಏನು ಮಾಡಿಬಿಡುತ್ತಾರೋ’ ಎಂಬ ಭಯವೇ ಕಾರಣ. ಆದ್ದರಿಂದ ಮೊದಲೇ ತಿಳಿಸುತ್ತೇವೆ. ವೈದ್ಯರು ಮೊದಲು ಮಾತನಾಡಿಸುತ್ತಾರೆ, ಹೊಟ್ಟೆ ಮುಟ್ಟಿ ನೋಡುತ್ತಾರೆ. ಮೂತ್ರಪರೀಕ್ಷೆ, ಸಕ್ಕರೆ ಮತ್ತು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸುತ್ತಾರೆ. ಕ್ರಿಯಾಟಿನಿನ್‌ನಿಂದ ಮೂತ್ರಪಿಂಡದ ಶಕ್ತಿ ತಿಳಿಯುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ, ಮೂತ್ರ ಮಾಡಿ ಬಂದ ಮೇಲೂ ಚೀಲದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಇದಾವುದರಲ್ಲಿಯೂ ನೋವಿಲ್ಲ. ಕೈಗವಸು ಧರಿಸಿ, ಗುದದ್ವಾರದಿಂದ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುವ ಪರೀಕ್ಷೆಯೂ ಒಂದಿದೆ. ಅದು ಕೆಲವೇ ಕ್ಷಣಗಳದ್ದು. ಗ್ರಂಥಿ ಮೆದುವಾಗಿದೆಯೋ, ಕಲ್ಲಿನಂತೆ ಗಟ್ಟಿಯಾದ ಗಂಟಿದೆಯೋ ಎಂಬುದು ಅದರಿಂದ ತಿಳಿಯುತ್ತದೆ. ಸಂಕೋಚದಿಂದ ಅದನ್ನು ಬೇಡವೆನ್ನಬೇಡಿರಿ.

ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಬಗ್ಗೆ ಭಕ್ತರು ಹೆಚ್ಚಾಗಿ ಕೇಳುತ್ತಾರೆ. ಪ್ರಾಸ್ಟೇಟ್ ಗ್ರಂಥಿಯು ಉತ್ಪಾದಿಸುವ ಒಂದು ಪ್ರೋಟೀನಿನ ಪ್ರಮಾಣವನ್ನು ಇದು ಅಳೆಯುತ್ತದೆ. ಒಂದು ಮಿಲಿಲೀಟರಿಗೆ 4 ನ್ಯಾನೊಗ್ರಾಂ ಎಂಬುದನ್ನು ಬಹುಕಾಲದಿಂದ ಗಡಿಯೆಂದು ಭಾವಿಸುತ್ತ ಬಂದಿದ್ದಾರೆ. ಆದರೆ ಅದಕ್ಕಿಂತ ಹೆಚ್ಚಾದ ಮಾತ್ರಕ್ಕೆ ಅರ್ಬುದವೆಂದಲ್ಲ. ಕಡಿಮೆ ಇದ್ದ ಮಾತ್ರಕ್ಕೆ ಅರ್ಬುದ ಇಲ್ಲವೇ ಇಲ್ಲವೆಂದೂ ಅಲ್ಲ. ವಯಸ್ಸು ಹೆಚ್ಚಿದಂತೆ, ಊತದಿಂದ, ಸೋಂಕಿನಿಂದ, ನಳಿಕೆ ಹಾಕಿದ್ದರಿಂದಲೂ ಅದು ಏರುತ್ತದೆ. ಹಾಗಾಗಿ ಮೂತ್ರ ಕಟ್ಟಿ ನಳಿಕೆ ಹಾಕಿದ ದಿನವೇ ಮಾಡಿಸಿದ ವರದಿಯನ್ನು ನೋಡಿ ಎದೆಗುಂದಬಾರದು. ಕೆಲವು ವಾರಗಳ ನಂತರ ಮತ್ತೆ ಮಾಡಿಸಿ, ಅಗತ್ಯವಿದ್ದರೆ ಎಂ.ಆರ್.ಐ. ಮತ್ತು ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿದ ಮೇಲಷ್ಟೇ ನಿರ್ಧಾರವಾಗುತ್ತದೆ. ತೊಂದರೆಯೇ ಇಲ್ಲದವರು ಈ ಪರೀಕ್ಷೆ ಮಾಡಿಸಬೇಕೇ ಎಂಬುದನ್ನು 50 ವರ್ಷದ ನಂತರ ವೈದ್ಯರೊಡನೆ ಚರ್ಚಿಸಿ ತೀರ್ಮಾನಿಸಬಹುದು. ತಂದೆಗೋ ಒಡಹುಟ್ಟಿದ ಸೋದರನಿಗೋ ಪ್ರಾಸ್ಟೇಟ್ ಅರ್ಬುದ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು ಹೆಚ್ಚು; ಅಂತಹವರು 45ರಲ್ಲಿಯೇ ವಿಚಾರಿಸಬೇಕು.

ಚಿಕಿತ್ಸೆ ಉಂಟು

ಊತದ ತೊಂದರೆ ಇರುವವರಲ್ಲಿ ಬಹುಜನರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಟ್ಯಾಮ್ಸುಲೋಸಿನ್‌ನಂತಹ ಮಾತ್ರೆಗಳು ಗ್ರಂಥಿಯ ಮತ್ತು ಚೀಲದ ಕೊರಳಿನ ಸ್ನಾಯುಗಳನ್ನು ಸಡಿಲಿಸಿ ಕೆಲವೇ ದಿನಗಳಲ್ಲಿ ಧಾರೆಯನ್ನು ಸುಧಾರಿಸುತ್ತವೆ. ಇವನ್ನು ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದರೆ ತಲೆಸುತ್ತು ಬರಬಹುದು. ರಾತ್ರಿ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು ಏಳಬೇಕು. ಗ್ರಂಥಿ ದೊಡ್ಡದಾಗಿದ್ದರೆ ಫಿನಾಸ್ಟೆರೈಡ್ ಅಥವಾ ಡ್ಯುಟಾಸ್ಟೆರೈಡ್ ಎಂಬ ಮಾತ್ರೆ ಕೊಡುತ್ತಾರೆ. ಅದು ಗ್ರಂಥಿಯನ್ನು ನಿಧಾನವಾಗಿ ಕುಗ್ಗಿಸುತ್ತದೆ. ಗುಣ ಕಾಣಲು ಮೂರರಿಂದ ಆರು ತಿಂಗಳು ಬೇಕು. ಒಂದು ತಿಂಗಳಿಗೇ ‘ಫಲವಿಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಈ ಮಾತ್ರೆಯು ಪಿ.ಎಸ್.ಎ. ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ, ಮುಂದೆ ಆ ಪರೀಕ್ಷೆ ಮಾಡಿಸುವಾಗ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸಾ ಶಿಬಿರಗಳಿಗೆ ಹೋಗುವ ಹಿರಿಯರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಿರುವವರಲ್ಲಿ, ಹಿಂದೆ ತೆಗೆದುಕೊಂಡು ಬಿಟ್ಟವರಲ್ಲಿಯೂ, ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನ ಪಾಪೆಯು ಸಡಿಲವಾಗಿ ತೊಡಕುಂಟುಮಾಡಬಹುದು. ಕಣ್ಣಿನ ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಅವರು ಮುನ್ನೆಚ್ಚರಿಕೆ ವಹಿಸುತ್ತಾರೆ. ಆದ್ದರಿಂದ ಮಾತ್ರೆಯ ಚೀಟಿಯನ್ನು ಶಿಬಿರಕ್ಕೆ ತಪ್ಪದೆ ಒಯ್ಯಿರಿ.

ಮಾತ್ರೆಗಳಿಂದ ಗುಣವಾಗದಿದ್ದರೆ, ಮೂತ್ರ ಮತ್ತೆ ಮತ್ತೆ ಕಟ್ಟಿದರೆ, ಮೂತ್ರಪಿಂಡಕ್ಕೆ ಹಾನಿಯಾಗುತ್ತಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇಂದು ಹೆಚ್ಚಾಗಿ ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ಉಪಕರಣ ಹಾಯಿಸಿ, ಅಡ್ಡವಾದ ಭಾಗವನ್ನು ವಿದ್ಯುತ್ತಿನಿಂದ ಅಥವಾ ಲೇಸರಿನಿಂದ ತೆಗೆಯುತ್ತಾರೆ. ಕೆಲವು ದಿನಗಳಲ್ಲಿ ಮನೆಗೆ ಮರಳಬಹುದು. ಆದರೆ ತೆಗೆಯುವುದು ಒಳಭಾಗವನ್ನು ಮಾತ್ರ. ಹೊರಭಾಗ ಉಳಿದಿರುವುದರಿಂದ ಶಸ್ತ್ರಚಿಕಿತ್ಸೆಯಾದವರಿಗೂ ಮುಂದೆ ಅರ್ಬುದ ಬರುವ ಸಾಧ್ಯತೆ ಇದ್ದೇ ಇರುತ್ತದೆ, ತಪಾಸಣೆಯನ್ನು ಬಿಡಬಾರದು.

ಅರ್ಬುದವೆಂದು ತಿಳಿದರೂ ಧೈರ್ಯಗೆಡಬೇಕಾಗಿಲ್ಲ. ಎಷ್ಟೋ ಪ್ರಾಸ್ಟೇಟ್ ಅರ್ಬುದಗಳು ಬಹಳ ನಿಧಾನವಾಗಿ ಬೆಳೆಯುತ್ತವೆ. ಕೆಲವರಿಗೆ ಆಗಾಗ ಪರೀಕ್ಷಿಸುತ್ತಾ ಕಾಯ್ದು ನೋಡುವುದೇ ಸಾಕಾಗುತ್ತದೆ. ಗ್ರಂಥಿಯೊಳಗೇ ಇರುವಾಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದಲೋ ವಿಕಿರಣ ಚಿಕಿತ್ಸೆಯಿಂದಲೋ ಗುಣಪಡಿಸಬಹುದು. ಹರಡಿದ ಮೇಲೂ ಪುರುಷ ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆಯಿಂದ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು. ಈ ಮಾರ್ಗವನ್ನು 1941ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಹಗ್ಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಮನೆಯಲ್ಲಿ ಪಾಲಿಸಬೇಕಾದವು

ಹಗಲಿನಲ್ಲಿ ಬಾಯಾರಿಕೆಗೆ ತಕ್ಕಂತೆ ನೀರು ಕುಡಿಯಿರಿ. ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಿರಿ. ಜಾತ್ರೆಗೆ, ಪಾದಯಾತ್ರೆಗೆ, ಬೆಂಗಳೂರಿನ ಬಸ್ಸಿಗೆ ಹೊರಡುವಾಗ ನೀರನ್ನೇ ಬಿಟ್ಟುಬಿಡುವುದು ತಪ್ಪು. ಮೂತ್ರ ಗಟ್ಟಿಯಾಗಿ ಉರಿ ಮತ್ತು ಸೋಂಕು ಹೆಚ್ಚುತ್ತವೆ. ಬಂದ ಮೂತ್ರವನ್ನು ಗಂಟೆಗಟ್ಟಲೆ ತಡೆಯುವುದೂ ತಪ್ಪು. ಅತಿಯಾಗಿ ಹಿಗ್ಗಿದ ಚೀಲವು ಮತ್ತೆ ಕುಗ್ಗಲಾರದೆ ಕಟ್ಟಿಕೊಳ್ಳುತ್ತದೆ. ಒಮ್ಮೆ ಮೂತ್ರ ಮಾಡಿ, ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿದರೆ ಚೀಲ ಚೆನ್ನಾಗಿ ಖಾಲಿಯಾಗುತ್ತದೆ. ಮಲಬದ್ಧತೆಯೂ ಮೂತ್ರವನ್ನು ತಡೆಯುತ್ತದೆ. ರಾಗಿಮುದ್ದೆ, ಸೊಪ್ಪಿನ ಸಾರು, ಕಾಳು, ಹಣ್ಣುಗಳಿಂದ ಕೂಡಿದ ನಮ್ಮ ಊಟ ಅದಕ್ಕೆ ಒಳ್ಳೆಯದು. ನೆಗಡಿ, ತುರಿಕೆಗೆಂದು ಅಂಗಡಿಯಲ್ಲಿ ಕೊಡುವ ಅನೇಕ ಮಾತ್ರೆಗಳು ಮೂತ್ರವನ್ನು ಕಟ್ಟಿಸುತ್ತವೆ. ಪ್ರಾಸ್ಟೇಟ್ ತೊಂದರೆ ಇರುವವರು ಅದನ್ನು ಹೇಳದೆ ಯಾವ ಮಾತ್ರೆಯನ್ನೂ ಕೊಳ್ಳಬಾರದು. ಮದ್ಯಪಾನವೂ ಇದೇ ಹಾನಿ ಮಾಡುತ್ತದೆ. ರಾತ್ರಿ ಹೊರಗೆ ಹೋಗುವ ದಾರಿಯಲ್ಲಿ ಒಂದು ದೀಪವಿರಲಿ; ಕತ್ತಲಲ್ಲಿ ಎಡವಿ ತೊಡೆಯ ಮೂಳೆ ಮುರಿದುಕೊಂಡ ಹಿರಿಯರು ನಮ್ಮ ನಡುವೆಯೇ ಇದ್ದಾರೆ. ವೈದ್ಯರ ಬಳಿಗೆ ಹೋಗುವ ಮುನ್ನ ಮೂರು ದಿನ ಯಾವ ಹೊತ್ತಿಗೆ ಎಷ್ಟು ಕುಡಿದಿರಿ, ಎಷ್ಟು ಸಲ ಹೋದಿರಿ ಎಂದು ಬರೆದಿಟ್ಟುಕೊಂಡರೆ ಅವರ ಕೆಲಸ ಅರ್ಧ ಹಗುರಾಗುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲು ತಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲವೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ತಾಲ್ಲೂಕು ಆಸ್ಪತ್ರೆಗೆ, ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಹೋಗಿರಿ. ಮೂತ್ರ ಕಟ್ಟಿದಾಗ ನಳಿಕೆ ಹಾಕಿಸಿಕೊಳ್ಳಲು ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ; ಹತ್ತಿರದ ಆಸ್ಪತ್ರೆಯೇ ಮೊದಲು. ಮುಂದಿನ ಚಿಕಿತ್ಸೆಗೆ ಮೂತ್ರರೋಗ ತಜ್ಞರು ಬೇಕಾದಾಗ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಅರ್ಬುದಕ್ಕೆ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಿಂದ ಶಿಫಾರಸು ಪತ್ರವನ್ನು ಪಡೆದು, ಆಧಾರ್ ಮತ್ತು ಪಡಿತರ ಚೀಟಿಯೊಡನೆ ಹೋದರೆ ಅಲೆದಾಟ ತಪ್ಪುತ್ತದೆ.

ನಾಚಿಕೆಯ ಮಾತು

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ಬಾಧೆಯು ಯಾರ ನಡತೆಯ ಫಲವೂ ಅಲ್ಲ. ಸಂಸಾರಿಗಳಿಗೂ ಬರುತ್ತದೆ, ವಿರಕ್ತರಿಗೂ ಬರುತ್ತದೆ. ವಯಸ್ಸು ಮತ್ತು ಪುರುಷ ಹಾರ್ಮೋನು ಇದಕ್ಕೆ ಮುಖ್ಯ ಕಾರಣಗಳು. ಹೀಗಿರುವಾಗ ಮುಚ್ಚಿಡುವುದೇತಕ್ಕೆ?

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನೇ ಶರಣರು ಅಲ್ಲಗಳೆದರು. ಅಂತಹ ಶರಣರ ಮಾರ್ಗದಲ್ಲಿರುವವರು ಮುಪ್ಪಿನ ಕಾಯಿಲೆಯೊಂದನ್ನು ಮೈಲಿಗೆಯೆಂದು ಬಗೆದು ಲಿಂಗಪೂಜೆಯಿಂದ ದೂರವಾಗುವುದು ಸಲ್ಲದು. ಪಂಚೆ ಬದಲಿಸಿ, ಕೈಕಾಲು ತೊಳೆದು ಪೂಜೆಗೆ ಕುಳಿತುಕೊಳ್ಳಿರಿ. ನಡುವೆ ಏಳಬೇಕಾದರೆ ಎದ್ದು ಹೋಗಿ ಬನ್ನಿರಿ. ಗೋಷ್ಠಿಯಲ್ಲಿ ಬಾಗಿಲ ಬಳಿ ಕುಳಿತುಕೊಳ್ಳುವ ಹಿರಿಯರನ್ನು ಯಾರೂ ಪ್ರಶ್ನಿಸದಿರಲಿ.

ಮನೆಯ ಮಕ್ಕಳಲ್ಲಿಯೂ ಒಂದು ವಿನಂತಿ. ಹಿರಿಯರು ತಾವಾಗಿ ಹೇಳುವುದಿಲ್ಲ. ಹೆಂಡತಿಗೆ ಗೊತ್ತಿದ್ದರೂ ಆಕೆ ಸೊಸೆಯ ಮುಂದೆ ಹೇಳುವುದಿಲ್ಲ. ಆದ್ದರಿಂದ ಮಗನೇ ಒಬ್ಬನೇ ಇರುವಾಗ ಹತ್ತಿರ ಕುಳಿತು, ‘ಅಪ್ಪಾ, ರಾತ್ರಿ ಎಷ್ಟು ಸಲ ಏಳ್ತೀರಿ? ಸಲೀಸಾಗಿ ಹೋಗ್ತಾ ಇದೆಯಾ?’ ಎಂದು ಕೇಳಲಿ. ಮನೆಮಾತು ತೆಲುಗಾಗಿದ್ದರೆ ತೆಲುಗಿನಲ್ಲಿಯೇ ಕೇಳಲಿ. ಕೇಳಿದ ವಾರದಲ್ಲಿಯೇ ಜೊತೆಯಲ್ಲಿ ಕರೆದುಕೊಂಡು ಹೋಗಲಿ.

ಆರಂಭದಲ್ಲಿ ಹೇಳಿದ ಹಿರಿಯರು ಈಗ ರಾತ್ರಿ ಒಂದು ಸಲ ಮಾತ್ರ ಏಳುತ್ತಾರೆ. ಮೂರು ತಿಂಗಳಿಗೊಮ್ಮೆ ಮೂತ್ರಪಿಂಡದ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದಾರೆ. ಕಳೆದ ಗೋಷ್ಠಿಗೆ ಬಂದು ಮಂಗಳದವರೆಗೂ ಕುಳಿತಿದ್ದರು. ‘ನನ್ನ ವಿಷಯ ಬರೆಯಿರಿ, ಇನ್ನೊಬ್ಬರಾದರೂ ಬೇಗ ಹೋಗಲಿ’ ಎಂದವರು ಅವರೇ. ಅವರ ಈ ಮಾತನ್ನು ತಮಗೆ ತಲುಪಿಸಿದ್ದೇವೆ.